ಬಿಕೋ ಎನ್ನುವ ಗೋಡೆಗೆ ಕ್ಯಾಮೆರಾಗಳ ಜಾತ್ರೆ

ಶೆಟ್ಟಿಹಳ್ಳಿಯ ಮುಳುಗುವ ಚರ್ಚು: ಫೋಟೋ ಎಲ್ಲರಿಗೂ ಬೇಕು, ಗೋಡೆ ಯಾರಿಗೆ ಬೇಕು?

ಹಾಸನ: ಗೊರೂರು ಅಣೆಕಟ್ಟೆಯ ನೀರಿನ ಮಟ್ಟ ಪೇಪರಿನ ಮೂಲೆಯಲ್ಲಿ ದಿನಾ ಬರುತ್ತದೆ. ಗರಿಷ್ಠ ಮಟ್ಟ 2922 ಅಡಿ, ಇವತ್ತಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಈ ಅಂಕಿಯನ್ನು ರೈತ ನೋಡುತ್ತಾನೆ, ನಾಲೆಗೆ ನೀರು ಬರುತ್ತೋ ಇಲ್ಲವೋ ಅಂತ. ಗೊಬ್ಬರದಂಗಡಿಯವರು ನೋಡುತ್ತಾರೆ, ಕೊಟ್ಟ ಸಾಲ ವಸೂಲಾಗುತ್ತೋ ಇಲ್ಲವೋ ಅಂತ. ಈಗ ಈ ಅಂಕಿಯ ಮೇಲೆ ಕಣ್ಣಿಟ್ಟಿರುವ ಮೂರನೆಯ ಗುಂಪೊಂದು ಹುಟ್ಟಿಕೊಂಡಿದೆ. ಇವರಿಗೆ ಗದ್ದೆಯೂ ಇಲ್ಲ, ಅಂಗಡಿಯೂ ಇಲ್ಲ. ಹೆಗಲಿಗೆ ಒಂದು ಚೀಲ, ಚೀಲದಲ್ಲಿ ಕ್ಯಾಮೆರಾ.

ನೀರು ಏರಿದರೆ ಇವರಿಗೆ ಒಂದು ಬಗೆಯ ಫೋಟೋ. ಇಳಿದರೆ ಇನ್ನೊಂದು ಬಗೆ. ಅರ್ಧಕ್ಕೆ ನಿಂತರಂತೂ ಹಬ್ಬ. ಬೆಂಗಳೂರಿನಿಂದ ರಾತ್ರಿಯೇ ಹೊರಟು, ಮಂಜು ಕರಗುವ ಮುಂಚೆ ಬಂದು ನಿಲ್ಲುವವರಿದ್ದಾರೆ. ಎಲ್ಲರೂ ಹೋಗುವುದು ಒಂದೇ ಕಡೆಗೆ. ಹಾಸನದಿಂದ ಸುಮಾರು 20 ಕಿಲೋಮೀಟರ್ ದೂರದ ಶೆಟ್ಟಿಹಳ್ಳಿ.

ಅಲ್ಲಿ ಹೇಮಾವತಿ ಹಿನ್ನೀರಿನಲ್ಲಿ ಒಂದು ಹಳೇ ಚರ್ಚು ನಿಂತಿದೆ. ಸೂರಿಲ್ಲ, ಬಾಗಿಲಿಲ್ಲ, ಗಂಟೆಯಿಲ್ಲ, ಪೂಜೆಯಿಲ್ಲ. ಚೂಪು ತುದಿಯ ಕಮಾನುಗಳು, ಎತ್ತರದ ಗೋಡೆಗಳು, ಗೋಡೆಯಲ್ಲಿ ಆಕಾಶ ಕಾಣುವ ಕಿಟಕಿಗಳು ಮಾತ್ರ ಇವೆ. ಹೆಸರು ರೋಸರಿ ಚರ್ಚ್. ಜನರ ಬಾಯಲ್ಲಿ ಮುಳುಗುವ ಚರ್ಚು. ಮಲೆನಾಡಿನ ಮಳೆ ಜೋರಾಗಿ ಅಣೆಕಟ್ಟೆ ತುಂಬಿದಾಗ ಇದು ನೀರಿಗಿಳಿಯುತ್ತದೆ. ಬೇಸಿಗೆಯಲ್ಲಿ ಮತ್ತೆ ಮೈ ಒಣಗಿಸಿಕೊಂಡು ಮೇಲೆ ಬರುತ್ತದೆ. ವರ್ಷ ವರ್ಷವೂ ಇದೇ ಆಟ.

ಆಟ ನೋಡಲು ಚೆಂದ. ಆದರೆ ಪ್ರತಿ ಸಲ ಮೇಲೆ ಬಂದಾಗಲೂ ಚರ್ಚು ಸ್ವಲ್ಪ ಸ್ವಲ್ಪ ಕಡಿಮೆಯಾಗಿರುತ್ತದೆ. ಇದನ್ನು ಗಮನಿಸುವವರು ಕಡಿಮೆ.

ನೀರಿಗೆ ಮುಂಚಿನ ಕಥೆ

ಈ ಚರ್ಚನ್ನು ಕಟ್ಟಿಸಿದವರು ಫ್ರೆಂಚ್ ಪಾದ್ರಿಗಳು, 1860ರ ದಶಕದಲ್ಲಿ. ಫ್ರಾನ್ಸಿನ ಪಾದ್ರಿಗಳಿಗೆ ಮೈಸೂರು ಸೀಮೆ ಹೊಸದೇನಲ್ಲ. ಜನ 'ದೊಡ್ಡಸ್ವಾಮಿ' ಅಂತ ಕರೆಯುತ್ತಿದ್ದ ಅಬ್ಬೆ ದುಬಾಯ್ ಅದಕ್ಕೂ ಎಷ್ಟೋ ಮುಂಚೆ, 1823ರಲ್ಲಿ ಊರಿಗೆ ವಾಪಸಾಗುವ ತನಕ, ಈ ಕಡೆಯೆಲ್ಲ ಓಡಾಡಿಕೊಂಡಿದ್ದವರು. ಆಲೂರು, ಸಕಲೇಶಪುರ ಕಡೆಯ ಕಾಫಿ ಎಸ್ಟೇಟಿನ ದೊರೆಗಳೂ ಈ ಚರ್ಚಿಗೆ ಬರುತ್ತಿದ್ದರು ಅನ್ನುವುದು ಈ ಭಾಗದಲ್ಲಿ ಮಾಮೂಲಿ ಮಾತು.

ಇಟ್ಟಿಗೆ, ಸುಣ್ಣದ ಗಾರೆಯ ಕಟ್ಟಡ. ಗಾರೆಗೆ ಬೆಲ್ಲ, ಮೊಟ್ಟೆ ಹಾಕಿ ಅರೆದಿದ್ದರು, ಅದಕ್ಕೇ ಇಷ್ಟು ವರ್ಷ ನಿಂತಿದೆ ಅಂತ ಹಳಬರು ಹೇಳುತ್ತಾರೆ. ಸಿಮೆಂಟು ಬರುವ ಮುಂಚೆ ಬೆಲ್ಲದ ನೀರು, ಮೊಟ್ಟೆಯ ಬಿಳಿ ಸೇರಿಸಿ ಗಾರೆ ಅರೆಯುವ ಪದ್ಧತಿ ಇದ್ದದ್ದು ನಿಜ. ಹಳೇ ಮನೆ ಕೆಡವಿಸಿದ ಯಾರನ್ನಾದರೂ ಕೇಳಿ, ಹಾರೆ ಬಾಗಿದ ಕಥೆ ಹೇಳುತ್ತಾರೆ.

ಆಮೇಲೆ ಬಂತು ಹೇಮಾವತಿ ಯೋಜನೆ. ಗೊರೂರಿನಲ್ಲಿ ಅಣೆಕಟ್ಟೆ ಪೂರ್ತಿಯಾದದ್ದು 1979ರಲ್ಲಿ. ಸುಮಾರು 37 ಟಿಎಂಸಿ ನೀರು ಹಿಡಿಯುವ ಅಣೆಕಟ್ಟೆ. ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳಿಗೆ ನಾಲೆ ಹೋಯಿತು. ಒಣಭೂಮಿಗೆ ನೀರು ಬಂತು, ಭತ್ತ ಬಂತು, ಕಬ್ಬು ಬಂತು. ಸಂತೆಯಲ್ಲಿ ದುಡ್ಡು ಓಡಾಡಿತು. ಅದರ ಪ್ರಯೋಜನ ಪಡೆಯದ ವ್ಯಾಪಾರಿ ಈ ಭಾಗದಲ್ಲಿ ಅಪರೂಪ.

ಅಣೆಕಟ್ಟೆಯ ಹಿಂದುಗಡೆ ಮಾತ್ರ ಬೇರೆ ಲೆಕ್ಕ. ಅಲ್ಲಿ ಹೊಲ ಮುಳುಗಿತು, ಮನೆ ಮುಳುಗಿತು, ಊರ ಬಾವಿ ಮುಳುಗಿತು. ಸರ್ಕಾರಿ ಕಾಗದದಲ್ಲಿ ಇದಕ್ಕೆ ಒಂದೇ ಶಬ್ದ: ಮುಳುಗಡೆ. ಜನ ಪಾತ್ರೆ ಪಗಡಿ ಕಟ್ಟಿಕೊಂಡು, ದನ ಹೊಡೆದುಕೊಂಡು ಬೇರೆ ಊರಿಗೆ ಹೋದರು. ಚರ್ಚಿಗೆ ಕಾಲಿಲ್ಲ. ಅದು ಅಲ್ಲೇ ನಿಂತಿತು.

ಹೇಮಾವತಿ ದಂಡೆಯ ಹಳ್ಳಿ ಬದುಕು ಹೇಗಿತ್ತು ಅಂತ ತಿಳಿಯಬೇಕಾದವರಿಗೆ ಗೊರೂರು ರಾಮಸ್ವಾಮಿ ಅಯ್ಯಂಗಾರರ ಪುಸ್ತಕಗಳಿವೆ. ಅವರ ಊರಿನ ಹೆಸರೇ ಅಣೆಕಟ್ಟೆಗೆ ಹತ್ತಿಕೊಂಡಿತು. ಶರಾವತಿ ಕಡೆಯ ಮುಳುಗಡೆಯ ಸಂಕಟವನ್ನು ನಾ. ಡಿಸೋಜ ಬರೆದರು. ಅವರ 'ದ್ವೀಪ' 2002ರಲ್ಲಿ ಗಿರೀಶ್ ಕಾಸರವಳ್ಳಿಯವರ ಕೈಯಲ್ಲಿ ಸಿನಿಮಾ ಆಯಿತು. ಅದೇ ಲಿಂಗನಮಕ್ಕಿ ಹಿನ್ನೀರಿನಲ್ಲಿ ಮಡೆನೂರಿನ ಹಳೇ ಅಣೆಕಟ್ಟೆಯೇ ಮುಳುಗಿದೆ. ಬರಗಾಲದ ಬೇಸಿಗೆಯಲ್ಲಿ ಅದು ಮೇಲೆದ್ದಾಗ ಅಲ್ಲಿಗೂ ಕ್ಯಾಮೆರಾದವರ ಸಾಲು. ಅಣೆಕಟ್ಟೆಯನ್ನೇ ಅಣೆಕಟ್ಟೆ ನುಂಗಿದ ಜಾಗ ಅದು.

ಬಿಕೋ ಅನ್ನುವುದರಲ್ಲಿ ಏನು ರುಚಿ?

ಚೆನ್ನಾಗಿರುವ ಚರ್ಚು ಹಾಸನದಲ್ಲೇ ಇದೆ. ಬಣ್ಣ ಬಳಿದ, ದೀಪ ಹಾಕಿದ, ಜನ ತುಂಬಿದ ಕಟ್ಟಡ. ಅದನ್ನು ಬಿಟ್ಟು ಕೆಸರು ತುಳಿದುಕೊಂಡು ಮುರುಕು ಗೋಡೆಯ ಹತ್ತಿರ ಹೋಗುವುದು ಯಾಕೆ ಸ್ವಾಮಿ? ಈ ಪ್ರಶ್ನೆ ಅಂಗಡಿ ಕಟ್ಟೆಯ ಮೇಲೆ ಕೂತವರಿಗೆ ಬರುವುದು ಸಹಜ.

ಒಂದು ಕಾರಣ ಕಣ್ಣಿಗೆ ಸಂಬಂಧಪಟ್ಟದ್ದು. ಗಾಳಿ ಇಲ್ಲದ ಬೆಳಗಿನ ಜಾವ ನೀರು ಕನ್ನಡಿಯ ಹಾಗೆ ನಿಲ್ಲುತ್ತದೆ. ಅರ್ಧ ಮುಳುಗಿದ ಕಮಾನು ಮೇಲೊಂದು, ಅದರ ನೆರಳು ಕೆಳಗೊಂದು, ಎರಡೂ ಸೇರಿ ಒಂದು ಪೂರ್ತಿ ಆಕಾರ ಆಗುತ್ತದೆ. ಸೂರು ಇಲ್ಲದ್ದರಿಂದ ಬಿಸಿಲು ನೇರ ಒಳಗೆ ಬೀಳುತ್ತದೆ. ಕಿಟಕಿಯಿಂದ ಬಂದ ಬೆಳಕು ಗೋಡೆ ಮೇಲೆ ಓರೆಯಾಗಿ ಹರಿದು ಒಂದೊಂದು ಇಟ್ಟಿಗೆಯನ್ನೂ ಎತ್ತಿ ತೋರಿಸುತ್ತದೆ. ಬಣ್ಣ ಬಳಿದ ಸಮ ಗೋಡೆಯಲ್ಲಿ ಈ ಆಟ ಸಿಗುವುದಿಲ್ಲ. ಫೋಟೋದವನಿಗೆ ಬೇಕಾದದ್ದು ಬೆಳಕು ಮತ್ತು ನೆರಳು. ಪಾಳು ಕಟ್ಟಡದಲ್ಲಿ ಅವೆರಡೂ ಪುಕ್ಕಟೆ.

ಎರಡನೆಯ ಕಾರಣ ಮನಸ್ಸಿನದು. ರಾತ್ರಿ ಕೊನೆ ಬಸ್ಸು ಹೋದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರೇ ನಿಂತವರಿಗೆ ಇದು ಗೊತ್ತು. ಹಗಲು ಕಾಲಿಡಲು ಜಾಗವಿಲ್ಲದ ಕಡೆ ಒಮ್ಮೆಗೇ ಯಾರೂ ಇಲ್ಲ. ಬೆಂಚು ಅದೇ, ಬೋರ್ಡು ಅದೇ, ಗಡಿಯಾರ ಅದೇ. ಆದರೂ ಎದೆಯಲ್ಲಿ ಏನೋ ಒಂದು ಥರ. ಕಾಡಿನಲ್ಲಿ ಜನ ಇಲ್ಲದಿದ್ದರೆ ಹಾಗೆ ಅನಿಸುವುದಿಲ್ಲ. ಜನ ಇರಬೇಕಾದ ಜಾಗದಲ್ಲಿ ಇಲ್ಲದಿದ್ದರೆ ಅನಿಸುತ್ತದೆ. ಇದಕ್ಕೆ ಕನ್ನಡದಲ್ಲಿ 'ಬಿಕೋ' ಅನ್ನುವ ಒಂದೇ ಒಂದು ಶಬ್ದ ಸಾಕು. ವಿಯೆನ್ನಾದ ಮನೋವೈದ್ಯ ಸಿಗ್ಮಂಡ್ ಫ್ರಾಯ್ಡ್ 1919ರಲ್ಲಿ ಈ ಭಾವನೆಯ ಬಗ್ಗೆ ದೊಡ್ಡ ಲೇಖನವನ್ನೇ ಬರೆದ. ಪರಿಚಯದ್ದೇ ಅಪರಿಚಿತವಾಗಿ ಕಂಡಾಗ ಆಗುವ ಅಳುಕು ಅದು, ಅನ್ನುವುದು ಅವನ ವಾದದ ತಿರುಳು.

ಮೂರನೆಯದು ಕಾಲದ ಲೆಕ್ಕ. ಪಾಳು ಗೋಡೆ ನೋಡಿದವನಿಗೆ ಹಿಂದಿನದು ನೆನಪಾಗುತ್ತದೆ, ಜೊತೆಗೆ ಮುಂದಿನದೂ ಹೊಳೆಯುತ್ತದೆ. 'ನಮ್ಮ ಮನೆಯೂ ಒಂದಿನ ಹೀಗೇ ಅಲ್ಲವೇ' ಅನ್ನುವ ಯೋಚನೆ. ಹುಬೇರ್ ರೋಬೇರ್ ಅನ್ನುವ ಫ್ರೆಂಚ್ ಚಿತ್ರಕಾರ 1796ರಲ್ಲಿ ಪ್ಯಾರಿಸ್ಸಿನ ಲೂವ್ರ್ ಅರಮನೆಯ ಚಿತ್ರ ಬರೆದ. ಅರಮನೆ ಗಟ್ಟಿಮುಟ್ಟಾಗಿ ನಿಂತಿತ್ತು. ಆದರೂ ಅವನು ಬರೆದದ್ದು ಸೂರು ಕುಸಿದು ಪಾಳುಬಿದ್ದ ಹಾಗೆ! ಬೀಳುವ ಮುಂಚೆಯೇ ಬಿದ್ದದ್ದನ್ನು ನೋಡಿ ಆನಂದಪಡುವ ಚಾಳಿ ಕ್ಯಾಮೆರಾಗಿಂತ ಹಳೆಯದು.

ನಾಲ್ಕನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸ್ವಲ್ಪ ಹೆದರಿಕೆ ಇರಬೇಕು, ಆದರೆ ಅಪಾಯ ಇರಬಾರದು. ಸಂಜೆಗೆ ಮನೆಗೆ ಬಂದು ಬಿಸಿ ಊಟ ಮಾಡಬೇಕು. ಇಂಥ ಹೆದರಿಕೆ ಯಾರಿಗೆ ಬೇಡ? ದೆವ್ವದ ಸಿನಿಮಾಕ್ಕೆ ಟಿಕೆಟು ಖರ್ಚಾಗುವುದೂ ಇದೇ ಕಾರಣಕ್ಕೆ.

ನಿಜದ ಮದುವೆ, ಮುಂಚಿನ ಮದುವೆ

ಈಗ ಶೆಟ್ಟಿಹಳ್ಳಿಗೆ ಬರುವ ಕ್ಯಾಮೆರಾಗಳಲ್ಲಿ ಒಂದು ಪಾಲು ಮದುವೆಯದು. ಮದುವೆಗೆ ಮುಂಚೆಯೇ ಹುಡುಗ ಹುಡುಗಿಯನ್ನು ಕರೆದುಕೊಂಡು ಹೋಗಿ ಫೋಟೋ ತೆಗೆಸುವ ಹೊಸ ಶಾಸ್ತ್ರ ಒಂದು ಶುರುವಾಗಿದೆಯಲ್ಲ, ಅದು. ಹುಡುಗಿಗೆ ನೆಲ ಗುಡಿಸುವಷ್ಟು ಉದ್ದದ ಬಿಳಿ ಅಥವಾ ಕೆಂಪು ಗೌನು. ಹುಡುಗನಿಗೆ ಕೋಟು. ಕಾಲಡಿಗೆ ಹಿನ್ನೀರಿನ ಕೆಸರು. ಮೇಲೆ ಗುಂಯ್ ಅನ್ನುವ ಡ್ರೋನು.

ಇದೇ ಗೋಡೆಗಳ ನಡುವೆ ಒಂದು ಕಾಲದಲ್ಲಿ ಪಾದ್ರಿಗಳ ಎದುರು ನಿಜದ ಮದುವೆಗಳು ನಡೆಯುತ್ತಿದ್ದವು. ಮಕ್ಕಳಿಗೆ ಹೆಸರಿಡುತ್ತಿದ್ದರು. ಹೆಣಕ್ಕೆ ಕೊನೆಯ ಪ್ರಾರ್ಥನೆ ಆಗುತ್ತಿತ್ತು. ಹಾಗೆ ಮದುವೆಯಾದವರ ಮಕ್ಕಳು, ಮೊಮ್ಮಕ್ಕಳು ಈಗಲೂ ಈ ಜಿಲ್ಲೆಯಲ್ಲಿ ಇದ್ದಾರೆ. ಅವರಲ್ಲಿ ಬಸ್ಸಿಗೆ ಕಾಯುವವರೂ ಉಂಟು, ಅಂಗಡಿಯಲ್ಲಿ ತಕ್ಕಡಿ ಹಿಡಿದವರೂ ಉಂಟು. ಅವರ ಪಾಲಿಗೆ ಅದು ಹಿನ್ನೆಲೆಯ ಪರದೆ ಅಲ್ಲ. ಅಜ್ಜ ಅಜ್ಜಿಯ ಚರ್ಚು.

ಮದುವೆ ಫೋಟೋ ತೆಗೆಯಬಾರದು ಅಂತಲ್ಲ. ಸ್ಟುಡಿಯೋದವರ ಹೊಟ್ಟೆಪಾಡು ಅದು. ಮೊಬೈಲ್ ಬಂದ ಮೇಲೆ ಪಾಸ್‌ಪೋರ್ಟ್ ಸೈಜು ಫೋಟೋಕ್ಕೂ ಗಿರಾಕಿ ಇಲ್ಲದ ಕಾಲದಲ್ಲಿ ಈ ಕೆಲಸವೇ ಅವರನ್ನು ಉಳಿಸಿದೆ. ಟೀ ಮಾರುವವನಿಗೆ, ಎಳನೀರಿನವನಿಗೆ, ಆಟೋದವನಿಗೆ ನಾಲ್ಕು ಕಾಸು ಆಗುತ್ತದೆ. ಆದರೆ ಹೆಸರು ಕೆತ್ತುವುದು, ಗೋಡೆ ಮೇಲೆ ಹತ್ತುವುದು, ಬಣ್ಣದ ಹೊಗೆ ಹಾರಿಸುವುದು, ಬಾಟಲಿ ಒಡೆದು ಬರುವುದು ಯಾವ ಶಾಸ್ತ್ರ?

ಚೌಕಟ್ಟಿನಿಂದ ಆಚೆ ಹೋದವರು

ಪಾಳು ಕಟ್ಟಡದ ಫೋಟೋದಲ್ಲಿ ಒಂದು ಮೋಸ ಇರುತ್ತದೆ. ತೆಗೆಯುವವನು ಜನರನ್ನು ಪಕ್ಕಕ್ಕೆ ಸರಿಸಿ ಅಂತಾನೆ. ದನ ಕಾಯುವ ಹುಡುಗ ಅಡ್ಡ ಬಂದರೆ 'ಸ್ವಲ್ಪ ಆ ಕಡೆ ಹೋಗಪ್ಪ'. ಒಗೆಯುವ ಹೆಂಗಸು ಕಂಡರೆ 'ಒಂದ್ ನಿಮಿಷ ಅಮ್ಮ'. ಕೊನೆಗೆ ಫೋಟೋದಲ್ಲಿ ನರಪಿಳ್ಳೆ ಇಲ್ಲದ ಬಿಕೋ ತಯಾರಾಗುತ್ತದೆ.

ಕೋಲಾರದ ಕೆ.ಜಿ.ಎಫ್. ನೋಡಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ಬೆಳೆದ ಊರು. 1902ರಲ್ಲಿ ಶಿವನಸಮುದ್ರದಿಂದ ಅಲ್ಲಿಗೆ ಕರೆಂಟು ಹೋಯಿತು, ಬೆಂಗಳೂರಿಗಿಂತ ಮುಂಚೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆಮೇಲೆ ತುಕ್ಕು ಹಿಡಿದ ಕಬ್ಬಿಣದ ಗೋಪುರ, ಸೂರು ಹಾರಿದ ಬಂಗಲೆ, ಸೈನೈಡ್ ಗುಡ್ಡ, ಎಲ್ಲ ಕ್ಯಾಮೆರಾಗೆ ಬಿದ್ದವು. 2018ರ ಸಿನಿಮಾ ಬಂದ ಮೇಲಂತೂ ಕೇಳಬೇಡಿ. ಫೋಟೋ ನೋಡಿದರೆ ಭೂತದ ಊರು. ಆದರೆ ಆ ಊರಲ್ಲಿ ಜನ ಇದ್ದಾರೆ ಸ್ವಾಮಿ! ಗಣಿ ಕಾರ್ಮಿಕರ ಲೈನ್ ಮನೆಗಳಲ್ಲಿ ಸಂಸಾರಗಳಿವೆ. ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ ಹೋಗಿ ರಾತ್ರಿ ವಾಪಸಾಗುವವರಿದ್ದಾರೆ. ತಾವಿನ್ನೂ ವಾಸವಾಗಿರುವ ಊರನ್ನು 'ಬಿಟ್ಟುಹೋದ ಊರು' ಅಂತ ಕರೆದರೆ ಅವರಿಗೆ ಹೇಗಾಗಬೇಡ?

ಹೊರದೇಶದ ಕಥೆಯೂ ಇದೇ. ಜಪಾನಿನ ನಾಗಸಾಕಿ ಹತ್ತಿರ ಹಶಿಮಾ ಅಂತ ಒಂದು ಪುಟ್ಟ ದ್ವೀಪ. ಕಲ್ಲಿದ್ದಲಿಗಾಗಿ ಮಿತ್ಸುಬಿಷಿ ಕಂಪನಿ ಕೊಂಡದ್ದು. 1959ರಲ್ಲಿ ಅಷ್ಟು ಚಿಕ್ಕ ಜಾಗದಲ್ಲಿ ಐದು ಸಾವಿರಕ್ಕೂ ಹೆಚ್ಚು ಜನ. 1974ರಲ್ಲಿ ಗಣಿ ಮುಚ್ಚಿತು, ಕೆಲವೇ ತಿಂಗಳಲ್ಲಿ ದ್ವೀಪ ಖಾಲಿ. 2009ರಿಂದ ಪ್ರವಾಸಿಗಳನ್ನು ಬಿಡುತ್ತಿದ್ದಾರೆ. ಖಾಲಿ ಕಾಂಕ್ರೀಟು ಮನೆಗಳ ಫೋಟೋ ಜಗತ್ತೆಲ್ಲ ಸುತ್ತಿತು. ಯುದ್ಧದ ಕಾಲದಲ್ಲಿ ಕೊರಿಯಾ, ಚೀನಾದ ಜನರನ್ನು ಬಲವಂತವಾಗಿ ತಂದು ಆ ಗಣಿಯಲ್ಲಿ ದುಡಿಸಿಕೊಂಡದ್ದು ಮಾತ್ರ ಯಾವ ಫೋಟೋದಲ್ಲೂ ಕಾಣುವುದಿಲ್ಲ.

ಉಕ್ರೇನಿನ ಪ್ರಿಪ್ಯಾತ್ ಊರಿನದು ಇನ್ನೊಂದು ಬಗೆ. 1986ರ ಏಪ್ರಿಲ್ 26ರಂದು ಪಕ್ಕದ ಚೆರ್ನೋಬಿಲ್ ಅಣುಸ್ಥಾವರ ಸಿಡಿಯಿತು. ಮಾರನೇ ದಿನ ಸಾವಿರಕ್ಕೂ ಹೆಚ್ಚು ಬಸ್ಸು ತರಿಸಿ, ಸುಮಾರು 50 ಸಾವಿರ ಜನರಿದ್ದ ಊರನ್ನೇ ಹತ್ತಿಸಿಕೊಂಡು ಹೋದರು. ತಾತ್ಕಾಲಿಕ ಅಂತ ಹೇಳಿದ್ದರು. ಯಾರೂ ವಾಪಸ್ ಬಂದು ನೆಲೆಸಲಿಲ್ಲ. ಆಮೇಲೆ ಹೋದ ಫೋಟೋದವರಲ್ಲಿ ಕೆಲವರು ಬೊಂಬೆಗಳನ್ನು ತಂದು ಮಂಚದ ಮೇಲೆ ಕೂರಿಸಿ, ಅದಕ್ಕೆ ವಿಷಗಾಳಿ ಮುಖವಾಡ ತೊಡಿಸಿ ಫೋಟೋ ಹೊಡೆದರು. ನಿಜವಾದ ದುಃಖ ಸಾಲದೆ ಬಂತು ಅಂತ ಕಾಣುತ್ತದೆ.

ಶೆಟ್ಟಿಹಳ್ಳಿ ಚರ್ಚಿನ ಫೋಟೋಕ್ಕೂ ಈ ಮಾತು ಸಲ್ಲುತ್ತದೆ. ನೋಡಿದವರು 'ಅಯ್ಯೋ, ಯಾಕೋ ಬಿಟ್ಟುಹೋಗಿದ್ದಾರೆ' ಅಂತಾರೆ. ಯಾರೂ ಬಿಟ್ಟುಹೋಗಲಿಲ್ಲ. ನೀರು ಬರುತ್ತೆ, ಎದ್ದೇಳಿ ಅಂದರು, ಎದ್ದರು. ಈ ಒಂದು ಸಾಲು ಫೋಟೋದ ಕೆಳಗೆ ಇದ್ದರೆ ಅದರ ಅರ್ಥವೇ ಬೇರೆಯಾಗುತ್ತದೆ.

ಐವತ್ತು ರೂಪಾಯಿ ನೋಟಿನ ರಥ

ಹಾಗಾದರೆ ಪಾಳು ಕಟ್ಟಡದ ಫೋಟೋದಿಂದ ಪ್ರಯೋಜನವೇ ಇಲ್ಲವೇ? ಇದೆ. ಅದಕ್ಕೆ ಸಾಕ್ಷಿ ಪ್ರತಿ ಅಂಗಡಿಯ ಗಲ್ಲಾ ಪೆಟ್ಟಿಗೆಯಲ್ಲೇ ಇದೆ.

2017ರಲ್ಲಿ ಬಂದ ಹೊಸ 50 ರೂಪಾಯಿ ನೋಟು ತೆಗೆದು ಹಿಂಬದಿ ನೋಡಿ. ಹಂಪಿಯ ಕಲ್ಲಿನ ರಥ. ಈಗ ಅದರ ನೆತ್ತಿ ಬೋಳು. ಆದರೆ ಮೊದಲು ಅದರ ಮೇಲೆ ಇಟ್ಟಿಗೆಯ ಗೋಪುರ ಇತ್ತು. ಇತ್ತು ಅಂತ ಹೇಗೆ ಗೊತ್ತು? ಅಲೆಕ್ಸಾಂಡರ್ ಗ್ರೀನ್‌ಲಾ ಅನ್ನುವ ಇಂಗ್ಲಿಷ್ ಸೈನ್ಯಾಧಿಕಾರಿ 1856ರಲ್ಲಿ ಹಂಪಿಯಲ್ಲಿ ತಿರುಗಾಡಿ ಫೋಟೋ ತೆಗೆದಿದ್ದ. ಆಗ ರೀಲೂ ಇಲ್ಲ, ಮೊಬೈಲೂ ಇಲ್ಲ. ಮೇಣ ಹಚ್ಚಿದ ದೊಡ್ಡ ಕಾಗದವೇ ನೆಗೆಟಿವ್. ಬಿಸಿಲಿನಲ್ಲಿ ಆ ಪೆಟ್ಟಿಗೆ, ಆ ರಾಸಾಯನಿಕ, ಆ ಕಾಗದ ಹೊತ್ತು ತಿರುಗಿ ಅವನು ತೆಗೆದ ಫೋಟೋದಲ್ಲಿ ರಥದ ಮೇಲೆ ಗೋಪುರ ನಿಂತಿದೆ.

ಅದಾಗಿ ಒಂದು ಶತಮಾನಕ್ಕೂ ಮೇಲೆ, 1980ರ ದಶಕದಲ್ಲಿ, ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಗ್ರೀನ್‌ಲಾ ನಿಂತ ಜಾಗಗಳಲ್ಲೇ ನಿಂತು ಮತ್ತೆ ಫೋಟೋ ತೆಗೆದರು. ಎರಡನ್ನೂ ಪಕ್ಕ ಪಕ್ಕ ಇಟ್ಟರೆ ಯಾವ ಗೋಡೆ ಹೋಯಿತು, ಯಾವ ಕಂಬ ಉಳಿಯಿತು ಅಂತ ಮಗುವೂ ಹೇಳಬಹುದು. ಗ್ರೀನ್‌ಲಾ ಕೂಡ ಹಾಳು ಹಂಪಿಯ ಬಿಕೋ ನೋಡಿಯೇ ಹೋಗಿರಬಹುದು. ಆದರೆ ಅವನ ಫೋಟೋಕ್ಕೆ ಜಾಗ ಗೊತ್ತಿದೆ, ವರ್ಷ ಗೊತ್ತಿದೆ. ಅದಕ್ಕೇ ಅದು ದಾಖಲೆ.

ಶೆಟ್ಟಿಹಳ್ಳಿಯಲ್ಲಿ ಒಂದು ಭಾನುವಾರ ತೆಗೆಯುವ ಫೋಟೋಗಳ ಲೆಕ್ಕದಲ್ಲಿ ಹತ್ತು ಹಂಪಿಯ ದಾಖಲೆ ಮಾಡಬಹುದು. ಆದರೆ ಅವುಗಳಲ್ಲಿ ಗೋಡೆ ಇರುವ ಹಾಗೆ ಇರುವುದಿಲ್ಲ. ಆಕಾಶಕ್ಕೆ ಬಣ್ಣ ಹೆಚ್ಚು, ಗೋಡೆಗೆ ಕಪ್ಪು ಹೆಚ್ಚು, ಇಲ್ಲದ ಹಕ್ಕಿಯೂ ಹಾರುತ್ತಿರುತ್ತದೆ. ಯಾವ ತಿಂಗಳು, ಯಾವ ವರ್ಷ ಅನ್ನುವುದೇ ಇಲ್ಲ.

ಗೋಡೆ ಯಾಕೆ ಬೀಳುತ್ತದೆ?

ಸುಣ್ಣದ ಗಾರೆಯ ಗೋಡೆ ಮಳೆಗೆ ಹೆದರುವುದಿಲ್ಲ. ಸೂರು ಇದ್ದು, ಕಾಲಕಾಲಕ್ಕೆ ಸುಣ್ಣ ಬಳಿಯುತ್ತಿದ್ದರೆ ನೂರಾರು ವರ್ಷ ನಿಲ್ಲುತ್ತದೆ. ಯಾವಾಗಲೂ ನೀರಿನಲ್ಲೇ ಇದ್ದರೂ ನಿಧಾನವಾಗಿ ಹಾಳಾಗುತ್ತದೆ, ಒಮ್ಮೆಗೇ ಅಲ್ಲ. ಅದಕ್ಕೆ ಶತ್ರು ನೆನೆಯುವುದು ಮತ್ತು ಒಣಗುವುದು, ಎರಡೂ ಸರದಿಯಲ್ಲಿ ಬರುವುದು. ಶೆಟ್ಟಿಹಳ್ಳಿಯಲ್ಲಿ ಪ್ರತಿ ವರ್ಷ ಆಗುತ್ತಿರುವುದು ಇದೇ.

ನೀರು ಇಟ್ಟಿಗೆಯ ಸಣ್ಣ ರಂಧ್ರಗಳಿಗೆ ಇಳಿಯುತ್ತದೆ. ಗಾರೆಯಲ್ಲಿರುವ ಸುಣ್ಣವನ್ನು ಸ್ವಲ್ಪ ಸ್ವಲ್ಪವೇ ಕರಗಿಸುತ್ತದೆ. ಬೇಸಿಗೆಯಲ್ಲಿ ಗೋಡೆ ಒಣಗುವಾಗ ನೀರಿನಲ್ಲಿದ್ದ ಉಪ್ಪು ಒಳಗೇ ಹರಳುಗಟ್ಟುತ್ತದೆ. ಆ ಹರಳು ಉಬ್ಬಿ ಇಟ್ಟಿಗೆಯ ಮುಖವನ್ನು ಸಿಪ್ಪೆ ಸುಲಿದ ಹಾಗೆ ಉದುರಿಸುತ್ತದೆ. ಹಳೇ ಮನೆಯ ಗೋಡೆಯ ಬುಡದಲ್ಲಿ ಬಿಳಿ ಪುಡಿ ಏಳುವುದನ್ನು ಎಲ್ಲರೂ ನೋಡಿದ್ದಾರೆ. ಅದೇ ರೋಗ, ಇಲ್ಲಿ ಹತ್ತು ಪಾಲು ಹೆಚ್ಚು.

ಇನ್ನು ಅಲೆ. ಹಿನ್ನೀರಿನ ಅಲೆ ಚಿಕ್ಕದು, ಆದರೆ ಹಗಲೂ ರಾತ್ರಿ ಒಂದೇ ಮಟ್ಟದಲ್ಲಿ ತಿವಿಯುತ್ತದೆ. ಬುಡದ ಮಣ್ಣು ಕೆಲವು ತಿಂಗಳು ಕೆಸರು, ಕೆಲವು ತಿಂಗಳು ಬಿರುಕು ಬಿಟ್ಟ ನೆಲ. ಹಾಗಾಗಿ ತಳಪಾಯ ಅಲುಗುತ್ತದೆ. ನೆತ್ತಿಯಲ್ಲಿ ಹಕ್ಕಿ ಹಾಕಿದ ಬೀಜ ಮೊಳೆತು ಅರಳಿ, ಆಲದ ಬೇರು ಬಿರುಕಿಗೆ ಇಳಿಯುತ್ತದೆ. ಸೂರು ಇಲ್ಲದ್ದರಿಂದ ಎದುರುಬದುರು ಗೋಡೆಗಳಿಗೆ ಒಂದಕ್ಕೊಂದು ಆಸರೆ ಇಲ್ಲ. ಹೀಗಿರುವಾಗ ಮೇಲೆ ಒಬ್ಬ ಹತ್ತಿ ಕೈ ಚಾಚಿ ಫೋಟೋಕ್ಕೆ ನಿಂತರೆ ಏನಾಗಬೇಡ? ವರ್ಷಗಳು ಕಳೆದ ಹಾಗೆ ಕಟ್ಟಡದ ಭಾಗಗಳು ಕಳಚಿ ಬೀಳುತ್ತಾ ಬಂದಿರುವುದನ್ನು ಹಳೇ ಫೋಟೋ, ಹೊಸ ಫೋಟೋ ಹೋಲಿಸಿದರೆ ಯಾರಾದರೂ ಕಾಣಬಹುದು.

ಎತ್ತಿದವರೂ ಇದ್ದಾರೆ

ಮುಳುಗಿದ್ದೆಲ್ಲ ಮುಳುಗಿಯೇ ಇರಬೇಕು ಅಂತೇನೂ ಇಲ್ಲ. ಕನ್ನಂಬಾಡಿಯಲ್ಲಿ ಕೃಷ್ಣರಾಜಸಾಗರ ಕಟ್ಟಿದಾಗ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇವಸ್ಥಾನ ನೀರಿನಡಿ ಹೋಗಿತ್ತು. ಬರ ಬಂದಾಗ ಮೇಲೆ ಕಾಣುವುದು, ಜನ ಓಡಿಹೋಗಿ ನೋಡುವುದು, ಮತ್ತೆ ಮುಳುಗುವುದು. ಅದೂ ಹೀಗೇ ಎಷ್ಟೋ ವರ್ಷ ನಡೆಯಿತು. ಕೊನೆಗೆ ಖೋಡೆ ಪ್ರತಿಷ್ಠಾನದವರು ಕಲ್ಲು ಕಲ್ಲನ್ನೂ ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ಮತ್ತೆ ನಿಲ್ಲಿಸಿದರು. ಈಗ ಅಲ್ಲಿ ಜನಜಂಗುಳಿ.

ಅದು ಕಲ್ಲಿನ ಕಟ್ಟಡ, ಬಿಚ್ಚಿ ಜೋಡಿಸಬಹುದು. ಇದು ಇಟ್ಟಿಗೆ ಗಾರೆ, ಬಿಚ್ಚಿದರೆ ಪುಡಿ. ಈ ವ್ಯತ್ಯಾಸ ಒಪ್ಪಬೇಕಾದದ್ದೇ. ಆದರೆ ಸಾಗಿಸಲು ಆಗದಿದ್ದರೆ ಇದ್ದಲ್ಲೇ ಬಿರುಕಿಗೆ ಸುಣ್ಣದ ಗಾರೆ ತುಂಬಿಸಬಹುದು, ಗಿಡ ಕೀಳಬಹುದು, ವಾಲಿದ ಗೋಡೆಗೆ ಆಸರೆ ಕೊಡಬಹುದು. ಒಂದೇ ಎಚ್ಚರಿಕೆ, ಸಿಮೆಂಟು ಮೆತ್ತಬಾರದು. ಸಿಮೆಂಟು ನೀರನ್ನು ಒಳಗೇ ಹಿಡಿದಿಟ್ಟು ಹಳೇ ಇಟ್ಟಿಗೆಯನ್ನು ಇನ್ನೂ ಬೇಗ ಕೊಲ್ಲುತ್ತದೆ.

ಇನ್ನು ಕೆಲವರ ವಾದ ಬೇರೆ. ರಿಪೇರಿ ಮಾಡಿದರೆ ಆ ಬಿಕೋ ಹೋಗುತ್ತದೆ, ಆಮೇಲೆ ನೋಡಲು ಯಾರು ಬರುತ್ತಾರೆ? ಬೀಳುವುದೇ ಅದರ ಚೆಂದ, ಬೀಳಲಿ ಬಿಡಿ ಅಂತಾರೆ. ಅಮೆರಿಕದ ಡೆಟ್ರಾಯಿಟ್ ಊರಿನ ದೊಡ್ಡ ರೈಲ್ವೆ ಸ್ಟೇಷನ್ನಿನ ಬಗ್ಗೆಯೂ ಇಂಥ ಮಾತು ಇತ್ತು. 1913ರ ಕಟ್ಟಡ, 1988ರಲ್ಲಿ ರೈಲು ನಿಂತು ಪಾಳುಬಿತ್ತು. ಒಡೆದ ಕಿಟಕಿಗಳ ಅದರ ಫೋಟೋ ಇಲ್ಲದ ಪುಸ್ತಕವಿಲ್ಲ. ಆ ಊರಿನವರಿಗೆ ಮಾತ್ರ ತಮ್ಮ ಬಡತನವನ್ನೇ ಕಟ್ಟು ಹಾಕಿಸಿ ಮಾರುತ್ತಿದ್ದಾರೆ ಅಂತ ಸಂಕಟ. 2018ರಲ್ಲಿ ಫೋರ್ಡ್ ಕಂಪನಿ ಅದನ್ನು ಕೊಂಡು ರಿಪೇರಿ ಮಾಡಿಸಿ 2024ರಲ್ಲಿ ಬಾಗಿಲು ತೆರೆಯಿತು. ಬೀಳಲಿ ಬಿಡಿ ಅಂದವರ ಮಾತು ಕೇಳಿದ್ದರೆ ಇವತ್ತು ಅಲ್ಲಿ ಖಾಲಿ ಸೈಟು ಇರುತ್ತಿತ್ತು.

ಶೆಟ್ಟಿಹಳ್ಳಿಗೂ ಈ ಲೆಕ್ಕ ಹಚ್ಚಿ ನೋಡಬೇಕು. ಗೋಡೆ ಪೂರ್ತಿ ಬಿದ್ದ ಮೇಲೆ ಫೋಟೋವೂ ಇಲ್ಲ, ಟೀ ವ್ಯಾಪಾರವೂ ಇಲ್ಲ, ಅಜ್ಜನ ಚರ್ಚೂ ಇಲ್ಲ. ಉಳಿಯುವುದು ಇಟ್ಟಿಗೆ ರಾಶಿ.

ಹೋಗುವವರಿಗೆ ನಾಲ್ಕು ಮಾತು

ಗೋಡೆಯ ಬುಡಕ್ಕೆ ಒರಗಿ ನಿಲ್ಲಬೇಡಿ, ಮೇಲೆ ಹತ್ತಬೇಡಿ. ನೀರು ಈಗಷ್ಟೇ ಇಳಿದ ಜಾಗದಲ್ಲಿ ಮೇಲೆ ಒಣಗಿದ ಹಾಗೆ ಕಾಣುವ ನೆಲದ ಕೆಳಗೆ ಮೊಣಕಾಲುದ್ದ ಕೆಸರಿರಬಹುದು. ಹಿನ್ನೀರಿನಲ್ಲಿ ಹಳೇ ಬಾವಿ, ಹಳ್ಳ, ಕಲ್ಲು ಎಲ್ಲಿದೆ ಅಂತ ಮೇಲಿಂದ ಕಾಣುವುದಿಲ್ಲ. ಈಜು ಬರುತ್ತೆ ಅಂತ ಇಳಿಯಬೇಡಿ. ಮಕ್ಕಳ ಕೈ ಬಿಡಬೇಡಿ. ಬಸ್ಸಿನಲ್ಲಿ ಹೋಗುವವರು ವಾಪಸ್ ಬಸ್ಸಿನ ಟೈಮು ಮೊದಲೇ ಕಂಡಕ್ಟರನ್ನು ಕೇಳಿಕೊಳ್ಳಿ. ಕತ್ತಲಾದ ಮೇಲೆ ಅಲ್ಲಿ ಫೋಟೋವೂ ಬರುವುದಿಲ್ಲ, ದಾರಿಯೂ ಕಾಣುವುದಿಲ್ಲ.

ಫೋಟೋ ತೆಗೆದವರು ತಾರೀಖು ಬರೆದಿಡಿ. ಆ ದಿನದ ನೀರಿನ ಮಟ್ಟ ಪೇಪರಿನಲ್ಲೇ ಇರುತ್ತದೆ, ಅದನ್ನೂ ಪಕ್ಕದಲ್ಲಿ ಬರೆದಿಡಿ. ಖರ್ಚಿಲ್ಲದ ಕೆಲಸ. ಇಪ್ಪತ್ತು ವರ್ಷದ ಮೇಲೆ ಯಾರಿಗೋ ಬೇಕಾಗುತ್ತದೆ.

ಮುಖ್ಯವಾದದ್ದು ಇನ್ನೊಂದಿದೆ. ಮುಳುಗಡೆಗೆ ಮುಂಚೆ ಆ ಚರ್ಚಿನಲ್ಲಿ ಮದುವೆಯಾದವರ, ಹಬ್ಬ ಮಾಡಿದವರ ಕಪ್ಪು ಬಿಳುಪು ಫೋಟೋಗಳು ಜಿಲ್ಲೆಯ ಮನೆಗಳಲ್ಲಿ ಟ್ರಂಕಿನ ತಳದಲ್ಲಿ ಇದ್ದರೆ ಹೊರಗೆ ತೆಗೆಯಬೇಕು. ಸೂರು ಇದ್ದಾಗ, ದೀಪ ಉರಿಯುವಾಗ, ಜನ ತುಂಬಿದ್ದಾಗ ಅದು ಹೇಗಿತ್ತು ಅನ್ನುವುದಕ್ಕೆ ಅವೇ ಸಾಕ್ಷಿ. ಗೆದ್ದಲು ಹಿಡಿಯುವ ಮುಂಚೆ ಒಂದು ನಕಲು ತೆಗೆಸಿಡಿ. ಸ್ಟುಡಿಯೋದವರು ಈ ಕೆಲಸಕ್ಕೆ ಒಂದು ದಿನ ಕೈಜೋಡಿಸಿದರೆ ಅವರು ಆ ಗೋಡೆಯಿಂದ ಸಂಪಾದಿಸಿದ್ದಕ್ಕೆ ಒಂದಿಷ್ಟು ಋಣ ತೀರಿದ ಹಾಗೆ.

ಇನ್ನು ಜಿಲ್ಲಾಡಳಿತ, ನೀರಾವರಿಯವರು, ಪುರಾತತ್ವದವರು, ಪ್ರವಾಸೋದ್ಯಮದವರು, ಧರ್ಮಪ್ರಾಂತ್ಯದವರು ಒಂದು ಮೇಜಿನ ಸುತ್ತ ಕೂರಬೇಕು. ಇದು ಯಾರ ಹೊಣೆ ಅಂತ ಮೊದಲು ತೀರ್ಮಾನ ಆಗಲಿ. ಗೋಡೆಗಳ ಅಳತೆ ತೆಗೆದು ನಕ್ಷೆ ಮಾಡಿಸಲಿ. ವಾಲಿರುವ ಭಾಗಕ್ಕೆ ಬೇಲಿ ಬೀಳಲಿ. ಎದ್ದುಹೋದ ಊರುಗಳ ಹೆಸರು ಬರೆದ ಒಂದು ಬೋರ್ಡು ನಿಲ್ಲಲಿ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಈ ಕೆಲಸಗಳಿಗೆ ಕೋಟಿಗಟ್ಟಲೆ ಬೇಡ. ಬೇಸಿಗೆಯಲ್ಲಿ ನೀರು ಇಳಿದ ನಾಲ್ಕೈದು ತಿಂಗಳು ಸಾಕು. ಮುಂಗಾರು ಬಂದರೆ ಮತ್ತೆ ಒಂದು ವರ್ಷ ಕಾಯಬೇಕು, ಅಷ್ಟರಲ್ಲಿ ಇನ್ನೊಂದಿಷ್ಟು ಇಟ್ಟಿಗೆ ಹೋಗಿರುತ್ತದೆ. ಸಂಬಂಧಪಟ್ಟವರು ಗಮನಿಸಬೇಕು.